ಮೊತ್ತ 405 ಬರಲೇಬೇಕು: ಚೌಕದ ಒಗಟುಗಳ ಪುಸ್ತಕವೊಂದರ ವಿಮರ್ಶೆ

ಕಳೆದ ಜುಲೈ ತಿಂಗಳ ಮೊದಲ ವಾರದಲ್ಲಿ ಮಡಿಕೇರಿಯ ಪುಸ್ತಕದಂಗಡಿಯೊಂದರಲ್ಲಿ ಮಳೆ ಕಡಿಮೆಯಾಗಲೆಂದು ಕಾಯುತ್ತಾ ನಿಂತಿದ್ದಾಗ, ಹಳದಿ ರಕ್ಷಾಪುಟದ ದಪ್ಪ ಪುಸ್ತಕವೊಂದು ಕೈಗೆ ಬಂತು. ಸುಡೊಕು ಮತ್ತು ಅದರ ಬಂಧುಬಳಗಕ್ಕೆ ಸೇರಿದ ಹದಿನಾಲ್ಕು ಬಗೆಯ ಒಗಟುಗಳು, ಬಗೆಗೆ ಹನ್ನೆರಡರಂತೆ ಒಟ್ಟು 168; ಬೆಲೆ 320 ರೂಪಾಯಿ. ಮಳೆ ಕಡಿಮೆಯಾಗಲಿಲ್ಲ, ಪುಸ್ತಕ ಕೊಂಡೆ. ಕೊಡಗಿನ ಮಳೆಗಾಲದ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ಅದರ ಮುಕ್ಕಾಲು ಭಾಗವನ್ನು ಬಿಡಿಸಿ ಮುಗಿಸಿದ್ದೇನೆ. ಪುಸ್ತಕದ ದೋಷಗಳನ್ನೂ ಹೇಳಬೇಕಾಗಿರುವುದರಿಂದ ಪ್ರಕಾಶಕರ ಹೆಸರನ್ನು ಬರೆಯುತ್ತಿಲ್ಲ. ಇದೇ ಮಾದರಿಯ ಸಂಗ್ರಹಗಳು ಈಗ ಎಲ್ಲೆಡೆ ಸಿಗುತ್ತಿರುವುದರಿಂದ ಇಲ್ಲಿನ ಮಾತುಗಳಲ್ಲಿ ಹೆಚ್ಚಿನವು ಅವಕ್ಕೂ ಸಲ್ಲುತ್ತವೆ.

ನಾನು ಮೂವತ್ತೊಂದು ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದವರಿಗೆ ಚೌಕದ ಒಗಟಿನ ರುಚಿಯನ್ನು ಬೇರೆಯವರು ಹತ್ತಿಸಬೇಕಾಗಿಲ್ಲ. ಅಡ್ಡಸಾಲಿನಲ್ಲಿ ಆಳಿನ ಹೆಸರು, ಕಂಬಸಾಲಿನಲ್ಲಿ ತಾರೀಖು, ತಿಂಗಳ ಕೊನೆಗೆ ಅಡ್ಡ ಕೂಡಿದರೂ ಉದ್ದ ಕೂಡಿದರೂ ಒಂದೇ ಮೊತ್ತ ಬರಬೇಕು. ಬರದಿದ್ದರೆ ಆ ರಾತ್ರಿ ನಿದ್ದೆಯಿಲ್ಲ. ಆದ್ದರಿಂದ ಮೊತ್ತ ತಾಳೆಯಾಗುವುದನ್ನು ನೋಡುವ ಚಪಲ ನನಗೆ ತುಸು ಹೆಚ್ಚೇ ಇದೆ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಮುನ್ನುಡಿಯಿಂದಲೇ ತಕರಾರು ಆರಂಭವಾಗುತ್ತದೆ. ಸುಡೊಕು ಜಪಾನಿನ ಪ್ರಾಚೀನ ಕಲೆ ಎಂದು ಅಲ್ಲಿ ಬರೆದಿದ್ದಾರೆ. ಪ್ರತಿ ಸಾಲಿನಲ್ಲೂ ಪ್ರತಿ ಚಿಹ್ನೆ ಒಂದೇ ಸಲ ಬರುವ ಚೌಕಗಳನ್ನು ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಅಭ್ಯಾಸ ಮಾಡಿದ್ದನೆಂಬುದು ನಿಜ. ಆದರೆ ಒಳಗಿನ ಒಂಬತ್ತು ಸಣ್ಣ ಚೌಕಗಳಲ್ಲೂ ಪ್ರತಿ ಅಂಕಿ ಒಂದೇ ಸಲ ಬರಬೇಕೆಂಬ ನಿಯಮವೂ ಸೇರಿದ ಇಂದಿನ ಒಗಟನ್ನು ರೂಪಿಸಿದವರು ಅಮೆರಿಕದ ಇಂಡಿಯಾನಾ ರಾಜ್ಯದ ನಿವೃತ್ತ ವಾಸ್ತುಶಿಲ್ಪಿ ಹೊವರ್ಡ್ ಗಾರ್ನ್ಸ್, ಮತ್ತು ಅದು 1979ರಲ್ಲಿ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂಬ ಹೆಸರಿನಿಂದ ಅಚ್ಚಾಯಿತು. ಜಪಾನಿನ ನಿಕೊಲಿ ಸಂಸ್ಥೆ 1984ರಲ್ಲಿ ಅದನ್ನು ಕೈಗೆತ್ತಿಕೊಂಡು, ‘ಅಂಕಿಗಳು ಒಂಟಿಯಾಗಿಯೇ ಇರಬೇಕು’ ಎಂಬರ್ಥದ ಉದ್ದನೆಯ ಹೆಸರಿಟ್ಟಿತು. ಅದನ್ನು ಚುಟುಕಾಗಿಸಿದಾಗ ಸುಡೊಕು ಆಯಿತು. ಅಲ್ಲಿ ಒಂಟಿ ಎಂಬುದಕ್ಕೆ ಬಳಸಿದ ಜಪಾನಿ ಪದಕ್ಕೆ ಮದುವೆಯಾಗದವರು ಎಂಬ ಅರ್ಥವೂ ಇದೆ, ಬ್ರಹ್ಮಚಾರಿ ಅಂಕಿಗಳು ಎಂದರೂ ನಡೆದೀತು. ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೋಲ್ಡ್ ಈ ಒಗಟನ್ನು ತಯಾರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದು, 2004ರ ನವೆಂಬರ್‌ನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕೊಟ್ಟ ಮೇಲೆಯೇ ಅದು ನಮ್ಮ ದಿನಪತ್ರಿಕೆಗಳವರೆಗೂ ಬಂದದ್ದು. ಗಾರ್ನ್ಸ್ ಅದನ್ನು ನೋಡಲಿಲ್ಲ, 1989ರಲ್ಲೇ ತೀರಿಕೊಂಡಿದ್ದರು. ಇಷ್ಟನ್ನು ಮುನ್ನುಡಿ ಬರೆದವರು ಅರ್ಧ ಗಂಟೆಯಲ್ಲಿ ತಿಳಿದುಕೊಳ್ಳಬಹುದಿತ್ತು.

ಇನ್ನು ಒಗಟುಗಳು. ಹೊಸ ಬಗೆ ಎಂದು ಕರೆಸಿಕೊಳ್ಳುವ ಯಾವುದೇ ಒಗಟಿಗೆ ನಾನು ಹಾಕುವ ಪರೀಕ್ಷೆ ಒಂದೇ: ಸೇರಿಸಿದ ನಿಯಮವನ್ನು ಮರೆತುಬಿಟ್ಟರೂ ಉತ್ತರ ಸಿಗುತ್ತದೆಯೇ? ಸಿಗುವುದಾದರೆ ಆ ನಿಯಮ ಬರಿಯ ಅಲಂಕಾರ. ಪುಸ್ತಕದ ಮೊದಲ ಬಗೆ ಕರ್ಣ ಸುಡೊಕು. ಎರಡೂ ಕರ್ಣಗಳಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕೆಂಬುದು ಅಲ್ಲಿನ ಹೆಚ್ಚುವರಿ ನಿಯಮ. ಹನ್ನೆರಡನ್ನೂ ಮೊದಲು ಕರ್ಣದ ಕಡೆ ಕಣ್ಣೆತ್ತಿಯೂ ನೋಡದೆ ಬಿಡಿಸಲು ಪ್ರಯತ್ನಿಸಿದೆ. ಐದು ಪೂರ್ತಿ ಬಿಡಿಸಿಕೊಂಡವು. ಅವುಗಳಲ್ಲಿ ಮೊದಲೇ ತುಂಬಿಕೊಟ್ಟ ಅಂಕಿಗಳು ಮೂವತ್ತಕ್ಕೂ ಹೆಚ್ಚಿದ್ದವು, ಅಂದರೆ ಹಳೆಯ ಸುಡೊಕುವಿನ ಮೇಲೆ ಎರಡು ಗೆರೆ ಎಳೆದು ಹೊಸತೆಂದು ಮಾರಿದ್ದಾರೆ. ಕುದುರೆ ಸುಡೊಕುವಿನಲ್ಲಿ ಹೀಗಾಗಿಲ್ಲ. ಚದುರಂಗದ ಕುದುರೆಯ ನಡೆಯಷ್ಟು ದೂರದಲ್ಲಿ ಅದೇ ಅಂಕಿ ಮತ್ತೆ ಬರಬಾರದು ಎಂಬ ಅದರ ನಿಯಮವನ್ನು ಬಿಟ್ಟರೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗುವುದಿಲ್ಲ, ಮತ್ತು ಆ ಹನ್ನೆರಡನ್ನು ಕೂಡಿಸಿದವರು ಕೈಯಿಂದಲೇ ಕೂಡಿಸಿದ್ದಾರೆಂದು ನನ್ನ ಅನುಮಾನ.

ಕೊಟ್ಟ ಅಂಕಿಗಳು ಕಡಿಮೆಯಾಗಿ ನಿಯಮ ಹೆಚ್ಚಿದಷ್ಟೂ ಒಗಟು ಬಲಿಯುತ್ತದೆ. ಸಾದಾ ಸುಡೊಕುವಿಗೆ ಒಂದೇ ಉತ್ತರವಿರಬೇಕಾದರೆ ಕನಿಷ್ಠ 17 ಅಂಕಿಗಳನ್ನು ಕೊಡಲೇಬೇಕೆಂದು ಡಬ್ಲಿನ್ನಿನ ಗ್ಯಾರಿ ಮೆಗ್ವಾಯರ್ ಮತ್ತು ಅವರ ಸಂಗಡಿಗರು 2012ರಲ್ಲಿ ಕಂಪ್ಯೂಟರಿನ ನೆರವಿನಿಂದ ತೋರಿಸಿದರು. ಪುಸ್ತಕದ ಒಳಗೊಂದು ಟಿಪ್ಪಣಿ ಈ 17ರ ಮಾತನ್ನು ಎಲ್ಲ ಬಗೆಗಳಿಗೂ ಅನ್ವಯಿಸಿ ಹೇಳುತ್ತದೆ, ಅದು ತಪ್ಪು. ಅದರ ಮುಂದಿನ ಪುಟದಲ್ಲೇ ಒಂದು ಅಂಕಿಯನ್ನೂ ಕೊಡದ ಕಿಲ್ಲರ್ ಸುಡೊಕುಗಳಿವೆ. ಹೆಚ್ಚುವರಿ ನಿಯಮವೇ ಸುಳಿವಿನ ಕೆಲಸ ಮಾಡುವುದರಿಂದ ಆ ಗಡಿ ಅಲ್ಲಿ ನಿಲ್ಲುವುದಿಲ್ಲ. 2020ರಲ್ಲಿ ಮಿಚೆಲ್ ಲೀ ರಚಿಸಿದ ಒಗಟೊಂದರಲ್ಲಿ ಕೊಟ್ಟದ್ದು ಎರಡೇ ಅಂಕಿ, 1 ಮತ್ತು 2. ಕುದುರೆಯ ನಿಯಮ, ರಾಜನ ನಡೆಯ ನಿಯಮ, ಪಕ್ಕಪಕ್ಕದ ಮನೆಗಳಲ್ಲಿ ಅನುಕ್ರಮ ಅಂಕಿಗಳು ಬರಬಾರದೆಂಬ ನಿಯಮ, ಈ ಮೂರು ಸೇರಿ ಉಳಿದ 79 ಮನೆಗಳನ್ನೂ ಗೊತ್ತುಮಾಡಿಬಿಡುತ್ತಿದ್ದವು. ಯೂಟ್ಯೂಬಿನಲ್ಲಿ ಸೈಮನ್ ಆಂಥನಿ ಇದು ತಮಾಷೆಯಿರಬೇಕೆಂದು ನಂಬಲಾರದೆ ಆರಂಭಿಸಿ, ಸುಮಾರು 25 ನಿಮಿಷಗಳಲ್ಲಿ ಬಿಡಿಸಿದ್ದನ್ನು ಲಾಕ್‌ಡೌನಿನ ದಿನಗಳಲ್ಲಿ ನಾನೂ ನೋಡಿದ್ದೆ. ಈ ಪುಸ್ತಕದಲ್ಲಿ ಅಂಥದ್ದೊಂದೂ ಇಲ್ಲದಿರುವುದು ಕೊರತೆಯೇ.

ಕಿಲ್ಲರ್ ಸುಡೊಕು ಈ ಸಂಗ್ರಹದ ಅತ್ಯುತ್ತಮ ಭಾಗ, ಅತ್ಯಂತ ಸಿಟ್ಟು ಬರಿಸಿದ ಭಾಗವೂ ಅದೇ. ಅಲ್ಲಿ ಮನೆಗಳನ್ನು ಚುಕ್ಕೆಗೆರೆಯಿಂದ ಗುಂಪುಗಳಾಗಿ ಕಟ್ಟಿ, ಪ್ರತಿ ಗುಂಪಿನ ಮೊತ್ತವನ್ನು ಮೂಲೆಯಲ್ಲಿ ಕೊಟ್ಟಿರುತ್ತಾರೆ. ಒಂದೇ ಗುಂಪಿನೊಳಗೆ ಅಂಕಿ ಮರುಕಳಿಸಬಾರದು. ಎರಡು ಮನೆಗಳ ಮೊತ್ತ 17 ಎಂದರೆ 8 ಮತ್ತು 9, 3 ಎಂದರೆ 1 ಮತ್ತು 2; ಮೂರು ಮನೆಗಳ ಮೊತ್ತ 24 ಎಂದರೆ 7, 8, 9. ಪ್ರತಿ ಸಾಲಿನ, ಪ್ರತಿ ಸಣ್ಣ ಚೌಕದ ಮೊತ್ತ 45. ಈ ಒಂದು ಸಂಖ್ಯೆಯನ್ನು ಹಿಡಿದುಕೊಂಡು ಸಾಲಿನಿಂದ ಹೊರಚಾಚಿದ ಮನೆಯೊಂದರ ಬೆಲೆಯನ್ನು ಕಳೆಯುವ ಲೆಕ್ಕದಿಂದ ಹೊರಗೆಳೆಯುವ ಸಂತೋಷ ಬೇರೆ ಯಾವ ಬಗೆಯಲ್ಲೂ ನನಗೆ ಸಿಕ್ಕಿಲ್ಲ.

ಸಿಟ್ಟು ಬಂದದ್ದು 112ನೇ ಪುಟದಲ್ಲಿ. ಕರೆಂಟು ಹೋಗಿ ಎರಡನೆಯ ದಿನ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದ್ದರಿಂದ ಎಂಟನೇ ತರಗತಿಯ ಮೊಮ್ಮಗಳು ಎಮರ್ಜೆನ್ಸಿ ಲ್ಯಾಂಪಿನ ಆಚೆ ಬದಿಯಲ್ಲಿ ಕೂತಿದ್ದಳು. ಕೆಳಗಿನ ಎಡಮೂಲೆಯಿಂದ ಆರಂಭಿಸಿ ಮೇಲಕ್ಕೆ ಬಂದಂತೆ ಒಂದೇ ಸಾಲಿಗೆ ಎರಡು 4 ಬಂದು ಬೀಳತೊಡಗಿದವು. ತಪ್ಪು ನನ್ನದೇ ಎಂದುಕೊಂಡು ಎರಡು ಸಲ ಅಳಿಸಿದೆ. ಎರಡನೆಯ ಸಲಕ್ಕೆ ಕಾಗದ ಹರಿಯಿತು. ಕೊನೆಗೆ ಚೆಕ್‌ರೋಲಿನ ಹಳೆಯ ಅಭ್ಯಾಸದಂತೆ ಎಲ್ಲ ಗುಂಪುಗಳ ಮೊತ್ತಗಳನ್ನು ಕೂಡಿದೆ. ಒಂಬತ್ತು ಸಾಲುಗಳು, ಸಾಲಿಗೆ 45, ಒಟ್ಟು 405 ಬರಲೇಬೇಕು, ಬಂದದ್ದು 395. ಹತ್ತು ಕಡಿಮೆ ಬಂದರೆ ದಶಕ ಕೂಡಿಸಲು ಮರೆತಿದ್ದೇವೆ ಎಂಬುದು ರೈಟರುಗಳ ಮೊದಲ ಗುಮಾನಿ, ಹಾಗಾಗಿ ಮತ್ತೆ ಕೂಡಿದೆ. ಮತ್ತೆ 395.

ಆಗ ಗುಂಪುಗಳೆಲ್ಲ ತನ್ನೊಳಗೇ ಇರುವ ಸಣ್ಣ ಚೌಕವನ್ನು ಹುಡುಕಿದೆ. ಮೇಲಿನ ನಡುವಿನ ಚೌಕ ಹಾಗಿತ್ತು: ಮೂರು ಮನೆಗಳ 13, ಎರಡೆರಡು ಮನೆಗಳ 11, 5, 6. ಕೂಡಿದರೆ 35. ಅಂದರೆ ಹತ್ತು ಅಲ್ಲಿಯೇ ಬಿದ್ದುಹೋಗಿದೆ. ಮೂರು ಮನೆಗಳದ್ದು 23 ಇರಬೇಕೆಂದು ನಾನು ತೀರ್ಪು ಕೊಟ್ಟುಬಿಟ್ಟೆ. ಮೊಮ್ಮಗಳು ಒಪ್ಪಲಿಲ್ಲ.

“ಅಜ್ಜ, 5 ಇರುವ ಕಡೆ 15 ಆಗಿದ್ದರೂ ಸರಿಹೋಗುತ್ತದಲ್ಲ? 7, 8 ಅಲ್ಲಿ, 2, 9 ಹನ್ನೊಂದಕ್ಕೆ, 1, 5 ಆರಕ್ಕೆ. ಉಳಿದ 3, 4, 6 ಕೂಡಿದರೆ 13 ಬರುತ್ತದೆ ನೋಡಿ.”

ಅವಳು ಹೇಳಿದ್ದು ಸರಿಯಾಗಿತ್ತು, ಹಿಂದಿನ ಉತ್ತರದ ಪುಟ ತೆರೆಯದೆ ಬೇರೆ ದಾರಿಯಿರಲಿಲ್ಲ. ಆ ಮೂರು ಮನೆಗಳಲ್ಲಿ 6, 8, 9 ಇದ್ದವು, 23. ತಿದ್ದಿಕೊಂಡ ಮೇಲೆ 11ಕ್ಕೆ 4 ಮತ್ತು 7, 5ಕ್ಕೆ 2 ಮತ್ತು 3, 6ಕ್ಕೆ 1 ಮತ್ತು 5 ಎಂದು ಆ ಚೌಕ ತಾನಾಗಿ ಸರಿಹೊಂದಿ, ಉಳಿದದ್ದು ಇಪ್ಪತ್ತು ನಿಮಿಷದ ಕೆಲಸವಾಯಿತು. ಅಚ್ಚಿಗೆ ಕಳುಹಿಸುವ ಮೊದಲು ಯಾರಾದರೂ ಒಮ್ಮೆ ಕೂಡಿ ನೋಡಿದ್ದರೆ ಸಾಕಿತ್ತು. ಉತ್ತರದ ಪುಟಗಳ ಬಗ್ಗೆಯೂ ಇಲ್ಲಿಯೇ ಹೇಳುತ್ತೇನೆ: ತುಂಬಿದ ಚೌಕವನ್ನಷ್ಟೇ ಕೊಟ್ಟಿದ್ದಾರೆ, ಮೊದಲ ಹೆಜ್ಜೆ ಎಲ್ಲಿಡಬೇಕೆಂಬ ಸೂಚನೆ ಒಂದು ಬಗೆಗೂ ಇಲ್ಲ. ಸಿಕ್ಕಿಹಾಕಿಕೊಂಡ ಹೊಸಬರಿಗೆ ಉತ್ತರ ನೋಡುವುದಕ್ಕಿಂತ ಆ ಒಂದು ಹೆಜ್ಜೆ ಎಷ್ಟೋ ಮೇಲು.

ಮನೆಯ ಸಣ್ಣವನಿಗೆ, ಮೂರನೇ ತರಗತಿಯ ಹುಡುಗನಿಗೆ, ಹಿಡಿಸಿದ್ದು ಪುಸ್ತಕ ‘ಲೆಕ್ಕದ ಚೌಕ’ ಎಂದು ಕರೆಯುವ ಬಗೆ. ಇದು ಜಪಾನಿನ ಗಣಿತ ಶಿಕ್ಷಕ ತೆತ್ಸುಯಾ ಮಿಯಾಮೊತೊ 2004ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಕೆನ್‌ಕೆನ್ ಎಂಬ ಒಗಟೇ. ನಾಲ್ಕು ಮನೆ ಅಗಲ, ನಾಲ್ಕು ಮನೆ ಉದ್ದದ ಚೌಕದಲ್ಲಿ 1ರಿಂದ 4ರವರೆಗಿನ ಅಂಕಿಗಳು. ಗುಂಪಿಗೆ ಮೊತ್ತವಷ್ಟೇ ಅಲ್ಲದೆ ಗುಣಲಬ್ಧ, ವ್ಯತ್ಯಾಸ, ಭಾಗಲಬ್ಧವೂ ಸುಳಿವಾಗಿ ಬರುತ್ತದೆ. ಮೂಲೆಯಲ್ಲಿ ಬಾಗಿದ ಮೂರು ಮನೆಗಳ ಗುಣಲಬ್ಧ 32 ಎಂದಿದ್ದ ಕಡೆ ಅವನು ಬಹಳ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕೂತ. 2, 4, 4 ಎಂಬುದು ಮಗ್ಗಿಯಿಂದ ಗೊತ್ತಾಯಿತು. ಎರಡು 4 ಒಂದೇ ಸಾಲಿನಲ್ಲಿ ಬರುವಂತಿಲ್ಲವಾದ್ದರಿಂದ ಅವು ಎರಡು ತುದಿಗಳಿಗೆ ಹೋಗಿ 2 ಬಾಗಿನ ಮನೆಯಲ್ಲೇ ಕೂರಬೇಕೆಂಬುದನ್ನು ಅವನೇ ಕಂಡುಕೊಂಡ. ನನ್ನ ಪರೀಕ್ಷೆಯಲ್ಲಿ ಈ ಹನ್ನೆರಡೂ ಗೆಲ್ಲುತ್ತವೆ.

ಅಂಕಿ ತುಂಬುವ ಕೆಲಸವೇ ಇಲ್ಲದ ಎರಡು ಬಗೆಗಳೂ ಇವೆ, ಎರಡೂ ನಿಕೊಲಿಯವರ ಬಳಗದಿಂದ ಬಂದವು. ಸ್ಲಿದರ್‌ಲಿಂಕ್‌ನಲ್ಲಿ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು, ಎಲ್ಲಿಯೂ ಕವಲೊಡೆಯದ, ಎಲ್ಲಿಯೂ ತುಂಡಾಗದ ಒಂದೇ ಬೇಲಿಯನ್ನು ಕಟ್ಟಬೇಕು. ಮನೆಯೊಳಗಿನ ಅಂಕಿ ಅದರ ನಾಲ್ಕು ಬದಿಗಳಲ್ಲಿ ಎಷ್ಟಕ್ಕೆ ಬೇಲಿ ಇದೆಯೆಂದು ಹೇಳುತ್ತದೆ. ಆನೆ ಬರುವ ಊರಿನಲ್ಲಿ ಬೇಲಿಯ ಒಂದು ಕಂಬ ಬಿದ್ದರೆ ಏನಾಗುತ್ತದೆಂದು ಬಲ್ಲ ನಮಗೆ ಈ ನಿಯಮವನ್ನು ಎರಡನೆಯ ಸಲ ಹೇಳಬೇಕಾಗಿಲ್ಲ. 0ಯ ಪಕ್ಕದಲ್ಲಿ 3 ಇದ್ದರೆ ಸಾಕು, 3ರ ಉಳಿದ ಮೂರು ಬದಿಗಳೂ, ಅವು 0ಯನ್ನು ಮುಟ್ಟುವ ಎರಡು ಚುಕ್ಕಿಗಳಿಂದ ಆಚೀಚೆ ಹೊರಡುವ ಎರಡು ಗೆರೆಗಳೂ ಸೇರಿ ಐದು ಗೆರೆ ಒಮ್ಮೆಗೇ ಖಚಿತವಾಗುತ್ತವೆ. ಆದರೆ ಚುಕ್ಕಿಗಳನ್ನು ಎಷ್ಟು ಸಣ್ಣದಾಗಿ, ಎಷ್ಟು ತೆಳುವಾಗಿ ಅಚ್ಚು ಹಾಕಿದ್ದಾರೆಂದರೆ ಹಗಲಿನಲ್ಲೂ ಕನ್ನಡಕ ಸರಿಮಾಡಿಕೊಳ್ಳಬೇಕು. ನುರಿಕಾಬೆ ಇನ್ನೊಂದು. ರಾತ್ರಿ ದಾರಿಗೆ ಅಡ್ಡ ನಿಲ್ಲುವ ಗೋಡೆಯ ರೂಪದ ಜಪಾನಿ ಭೂತದ ಹೆಸರದು. ಬಿಳಿ ಮನೆಗಳು ದ್ವೀಪಗಳು, ಕಪ್ಪು ಮನೆಗಳು ಒಂದಕ್ಕೊಂದು ಕೂಡಿಕೊಂಡೇ ಇರಬೇಕಾದ ನೀರು. ಎರಡಕ್ಕೆರಡು ಮನೆಗಳಷ್ಟು ನೀರು ಒಂದೆಡೆ ಮಡುಗಟ್ಟಬಾರದು. ಭಾಗಮಂಡಲದ ಸಂಗಮದಲ್ಲಿ ನೀರು ಉಕ್ಕಿ ರಸ್ತೆ ಮುಚ್ಚಿದ ವಾರದಲ್ಲಿ ಇದನ್ನು ಬಿಡಿಸುತ್ತಾ ಕೂತದ್ದು ಕಾಕತಾಳೀಯ. ಹನ್ನೆರಡರಲ್ಲಿ ಒಂಬತ್ತು ಬಿಡಿಸಿದ್ದೇನೆ, ಕೊನೆಯ ಮೂರು ಇನ್ನೂ ಬಗ್ಗಿಲ್ಲ.

ಅಂಕಿಗಳ ಪದಬಂಧದಂಥ ಕಕುರೊ ಸಾಧಾರಣ. ಥರ್ಮಾಮೀಟರ್ ಸುಡೊಕು ಚೆನ್ನಾಗಿದೆ. ಚೌಕದ ಮೇಲೆ ಬಿಡಿಸಿದ ಥರ್ಮಾಮೀಟರಿನ ಬುರುಡೆಯಿಂದ ತುದಿಯವರೆಗೆ ಅಂಕಿಗಳು ಏರುತ್ತಲೇ ಹೋಗಬೇಕಾದ್ದರಿಂದ ಆರು ಮನೆಗಳ ಥರ್ಮಾಮೀಟರಿನ ಬುರುಡೆಯಲ್ಲಿ 4ಕ್ಕಿಂತ ದೊಡ್ಡದು ಬರಲಾರದು, ತುದಿಯಲ್ಲಿ 6ಕ್ಕಿಂತ ಚಿಕ್ಕದು ಬರಲಾರದು. ಉಳಿದ ಬಗೆಗಳಲ್ಲಿ ಹೇಳುವಂಥದ್ದೇನೂ ಇಲ್ಲ.

ನಿಯಮಗಳ ಕನ್ನಡದ ಬಗ್ಗೆ ಹೇಳಲೇಬೇಕು. ಚೌಕಾಬಾರದ ಕಾಲದಿಂದ ನಾವು ‘ಮನೆ’ ಎನ್ನುತ್ತಾ ಬಂದಿರುವುದನ್ನು ಇವರು ‘ಕೋಶ’ ಮಾಡಿದ್ದಾರೆ, ಗುಂಪನ್ನು ‘ಪಂಜರ’ ಮಾಡಿದ್ದಾರೆ. ನುರಿಕಾಬೆಯ ನಿಯಮವನ್ನು ಮೂರು ಸಲ ಓದಿದರೂ ಅರ್ಥವಾಗದೆ ಮೊದಲ ಒಗಟಿನ ಉತ್ತರ ನೋಡಿ ನಿಯಮ ಊಹಿಸಬೇಕಾಯಿತು. 2017ರಲ್ಲಿ ವಿಶ್ವ ಸುಡೊಕು ಮತ್ತು ಪಝಲ್ ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಿನಲ್ಲೇ ನಡೆದಿದೆ; ಈ ಬಗೆಗಳನ್ನು ನೀರು ಕುಡಿದಂತೆ ಬಿಡಿಸುವ ಕನ್ನಡಿಗರು ಇದ್ದೇ ಇರುತ್ತಾರೆ, ಅಂಥವರೊಬ್ಬರಿಗೆ ತೋರಿಸಿದ್ದರೆ ಈ ಗೊಂದಲ ತಪ್ಪುತ್ತಿತ್ತು.

ಕಾಗದ ನಮ್ಮ ಮಳೆಗಾಲಕ್ಕೆ ತಕ್ಕದ್ದಲ್ಲ. ಡಬ್ಬಿಯ ಮುಚ್ಚಳ ತೆರೆದಿಟ್ಟ ಹಪ್ಪಳದಂತೆ ಎರಡೇ ದಿನಗಳಲ್ಲಿ ಮೆತ್ತಗಾಗುತ್ತದೆ, ಗಟ್ಟಿ ಪೆನ್ಸಿಲಿನಿಂದ ಬರೆದರೆ ಗೀರು ಬಿದ್ದು ಹಿಂಬದಿಯ ಒಗಟಿನಲ್ಲಿ ಕಾಣುತ್ತದೆ. 2ಬಿ ಪೆನ್ಸಿಲ್ ಕೊಂಡ ಮೇಲೆ ಸ್ವಲ್ಪ ವಾಸಿಯಾಯಿತು. ರಾತ್ರಿ ಪುಸ್ತಕವನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಷ್ಟು ಹಿಡಿಯುವುದಿಲ್ಲ, ಹೊಗೆಯ ವಾಸನೆ ಮಾತ್ರ ಹತ್ತುತ್ತದೆ. ಇಷ್ಟಾದರೂ ಮೊಬೈಲಿನ ಆ್ಯಪ್‌ಗಿಂತ ಇದನ್ನೇ ಆರಿಸುತ್ತೇನೆ, ಏಕೆಂದರೆ ಟವರಿನ ಬ್ಯಾಟರಿ ಮುಗಿದ ಮೇಲೂ ಇದು ನಡೆಯುತ್ತದೆ, ಮತ್ತು ಆ್ಯಪ್ ತಪ್ಪು ಅಂಕಿಯನ್ನು ಕೂಡಲೇ ಕೆಂಪಾಗಿಸಿ ಯೋಚಿಸುವ ಕಷ್ಟವನ್ನೇ ತಪ್ಪಿಸಿಬಿಡುತ್ತದೆ.

320 ರೂಪಾಯಿಗೆ ಕಿಲ್ಲರ್, ಕುದುರೆ, ಲೆಕ್ಕದ ಚೌಕ, ಸ್ಲಿದರ್‌ಲಿಂಕ್ ಈ ನಾಲ್ಕೇ ಸಿಕ್ಕಿದ್ದರೂ ನನಗೆ ನಷ್ಟವಿಲ್ಲ. ಮನೆಯಲ್ಲಿ ಇಬ್ಬರು ಬಿಡಿಸುವವರಿದ್ದರೆ ಪೆನ್ಸಿಲ್ ಮುಟ್ಟಿಸುವ ಮೊದಲೇ ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಳ್ಳುವುದು ಕ್ಷೇಮ. ತಪ್ಪಿನ ಬಗ್ಗೆ ಪ್ರಕಾಶಕರಿಗೆ ಕಾಗದ ಬರೆದು ಆರು ವಾರ ಕಳೆದರೂ ಉತ್ತರ ಬಂದಿಲ್ಲವಾದ್ದರಿಂದ, ಹಳದಿ ರಕ್ಷಾಪುಟದ ಈ ಪುಸ್ತಕವನ್ನು ಈಗಾಗಲೇ ಕೊಂಡಿರುವವರು 112ನೇ ಪುಟದ ಮೇಲಿನ ನಡುವಿನ ಚೌಕದಲ್ಲಿರುವ 13ನ್ನು 23 ಎಂದು ತಿದ್ದಿಕೊಂಡು ಆರಂಭಿಸಬೇಕಾಗಿ ವಿನಂತಿ.