ಗಾರ್ಡ್ ತೆಗೆಸಿ ನೋಡದೆ ಹಳೆಯ ಕಾರ್ಬನ್ ಫ್ರೇಮ್ ಕೊಳ್ಳಬೇಡಿ

ಹಳೆಯ ಕಾರ್ಬನ್ ಫ್ರೇಮ್ (ಕಾರ್ಬನ್ ಎಳೆಗಳ ಪದರಗಳಿಂದ ಮಾಡಿದ ಸೈಕಲ್ ಚೌಕಟ್ಟು) ತಂದು ಸೈಕಲ್ ಕಟ್ಟಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 92,000 ರೂಪಾಯಿ ಕೊಟ್ಟು ಒಡೆದ ಫ್ರೇಮ್ ತಂದೆ. ಒಡೆದದ್ದು ಎಂದು ಗೊತ್ತಾಗುವ ಹೊತ್ತಿಗೆ ಅದಕ್ಕೆ ಇನ್ನೂ ಒಂದೂವರೆ ಲಕ್ಷದ ಬಿಡಿಭಾಗ ಜೋಡಿಸಿ, ಅದರ ಮೇಲೇರಿ ಕಲ್ಲುಬಂಡೆಗಳ ಇಳಿಜಾರು ಇಳಿದಿದ್ದೆ. ಬರೆಯಲು ನಾಚಿಕೆಯಾಗುತ್ತದೆ. ಹನ್ನೆರಡು ವರ್ಷಗಳಿಂದ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ, ಗೆಳೆಯರು ಸೈಕಲ್ ಕೊಳ್ಳುವ ಮೊದಲು ನನ್ನನ್ನು ಕೇಳುತ್ತಾರೆ. ಆ ನಾಚಿಕೆಯಿಂದಲೇ ಎರಡು ತಿಂಗಳು ಬಾಯಿ ಬಿಡಲಿಲ್ಲ. ಈಗ ಏಕೆ ಬರೆಯುತ್ತಿದ್ದೇನೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಕಾರ್ಬನ್ ಸೈಕಲ್ ಹೊಸದಾಗಿ ಕೊಳ್ಳುವುದು ನನ್ನ ಸಂಬಳದಲ್ಲಿ ಆಗದ ಮಾತು. ಹಾಗಾಗಿ ಫ್ರೇಮ್ ಒಂದು ಕಡೆ, ಫೋರ್ಕ್ ಇನ್ನೊಂದು ಕಡೆ, ಚಕ್ರ ಮತ್ತೊಂದು ಕಡೆ ಎಂದು ವರ್ಷವಿಡೀ ಕೂಡಿಸುವುದು ನಮ್ಮಂಥವರ ದಾರಿ. ಮಾರಿದಾತ ಬೆಂಗಳೂರಿನವನೇ, ಪರಿಚಯದವರ ಪರಿಚಯದವನು. ಮೀಡಿಯಂ ಅಳತೆ, 140 ಮಿ.ಮೀ. ಟ್ರಾವೆಲ್ (ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ದೂರ), ಹೊಳಪಿಲ್ಲದ ಕಪ್ಪು ಬಣ್ಣ, ಜೊತೆಗೆ ಹಿಂದಿನ ಸಸ್ಪೆನ್ಷನ್ನಿನ ಶಾಕ್. "ಒಬ್ಬರೇ ಓಡಿಸಿದ್ದು. ಒಮ್ಮೆಯೂ ಬಿದ್ದಿಲ್ಲ. ಬಣ್ಣ ಕಂಪನಿಯದೇ." ಇದನ್ನು ಫೋನಿನಲ್ಲಿ ಒಮ್ಮೆ, ಸಂದೇಶದಲ್ಲಿ ಒಮ್ಮೆ, ಎದುರಿಗೆ ಒಮ್ಮೆ ಹೇಳಿದ. ಮೂರು ಸಲ.

ನೋಡಲು ಕರೆದದ್ದು ಸಂಜೆ ಏಳೂವರೆಗೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್ ಜಾಗಕ್ಕೆ. ಅಲ್ಲಿದ್ದದ್ದು ಒಂದೇ ಟ್ಯೂಬ್‌ಲೈಟ್. ಹಗಲಿನಲ್ಲಿ ಬರುತ್ತೇನೆ ಎಂದು ನಾನು ಅಂದೇ ಹೇಳಬೇಕಿತ್ತು. ಕಾರ್ಬನ್ ಫ್ರೇಮಿನ ಪದರ ಒಳಗೆ ಬಿಟ್ಟುಕೊಂಡಿದ್ದರೆ ನಾಣ್ಯ ತಟ್ಟಿದಾಗ ಸದ್ದು ಮಂಕಾಗುತ್ತದೆ, ಇದು ಎಲ್ಲರಿಗೂ ಗೊತ್ತು. ನಾನು ಜೇಬಿಗೆ ಕೈ ಹಾಕುವ ಮುಂಚೆಯೇ ಆತ ಐದು ರೂಪಾಯಿ ನಾಣ್ಯ ಚಾಚಿ, "ತಟ್ಟಿ ಬ್ರದರ್, ಧಾರಾಳವಾಗಿ ತಟ್ಟಿ ನೋಡಿ" ಎಂದ. ಟಾಪ್ ಟ್ಯೂಬ್ ತಟ್ಟಿದೆ, ಚೈನ್‌ಸ್ಟೇ ತಟ್ಟಿದೆ, ಹೆಡ್ ಟ್ಯೂಬಿನ ಸುತ್ತ ತಟ್ಟಿದೆ. ಎಲ್ಲ ಕಡೆಯೂ ಗಟ್ಟಿ ಸದ್ದು. ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಡೌನ್ ಟ್ಯೂಬಿನ ಕೆಳಭಾಗಕ್ಕೆ ಬಂದಾಗ ಅಲ್ಲಿ ದಪ್ಪನೆಯ ರಬ್ಬರ್ ಗಾರ್ಡ್ ಅಂಟಿಸಿತ್ತು. ಇದನ್ನು ತೆಗೆಯಬಹುದೇ ಎಂದು ಕೇಳಿದೆ. ಹೌದು, ಕೇಳಿದೆ! "ಕಲ್ಲು ಬಡಿಯದಿರಲಿ ಎಂದು ಹೋದ ವಾರವಷ್ಟೇ ಹೊಸದು ಹಾಕಿಸಿದ್ದೇನೆ ಬ್ರದರ್, ಕಿತ್ತರೆ ಅಂಟು ಹೋಗುತ್ತದೆ, ನಿಮಗೇ ನಷ್ಟ" ಎಂದ. ನನಗೇ ನಷ್ಟ ಎಂದ ಮಾತನ್ನು ನಂಬಿ, ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಎಂದುಕೊಂಡು ಕೈ ಹಿಂದೆ ತೆಗೆದೆ.

ರಾತ್ರಿ ನಿದ್ದೆ ಬಾರದಿದ್ದಾಗ ಈಗಲೂ ನನ್ನ ಕಣ್ಣ ಮುಂದೆ ಬರುವುದು ಅದೇ ಗಳಿಗೆ. ಮಾರುವ ಫ್ರೇಮಿಗೆ ಮಾರುವ ಹಿಂದಿನ ವಾರ ಹೊಸ ಗಾರ್ಡ್ ಅಂಟಿಸುವವರು ಯಾರು? ಯಾಕೆ ಅಂಟಿಸುತ್ತಾರೆ? ಬೆರಳು ಅದರ ಅಂಚಿನ ಮೇಲೇ ಇತ್ತು.

ಸುಳಿವುಗಳು ಬೇರೆಯೂ ಇದ್ದವು. ಪೆಡಲ್ ದಂಡ ಕೂರುವ ಜಾಗದ ಅಡಿಯಲ್ಲಿದ್ದ ಕ್ರಮಸಂಖ್ಯೆ ಬಣ್ಣ ತುಂಬಿ ಅರ್ಧ ಮುಚ್ಚಿತ್ತು. ಕೇಬಲ್ ಒಳಹೋಗುವ ರಂಧ್ರಗಳ ಒಳಂಚಿನಲ್ಲೂ ಬಣ್ಣ ಹರಿದಿತ್ತು. ಕಾರ್ಖಾನೆಯ ಬಣ್ಣ ಹಾಗಿರುವುದಿಲ್ಲ. ಕೇಳಿದ್ದಕ್ಕೆ ಇದು ವಿಶೇಷ ಆವೃತ್ತಿ ಎಂದ. ಯುಪಿಐನಲ್ಲಿ ಹಣ ಕಳುಹಿಸಿದೆ. ಬಿಲ್ ಇಲ್ಲ, ಚೀಟಿ ಇಲ್ಲ.

ಸೈಕಲ್ ಕಟ್ಟಲು ಮೂರು ತಿಂಗಳು ಹಿಡಿಯಿತು. ಪಿವಟ್, ಅಂದರೆ ಫ್ರೇಮಿನ ಹಿಂಭಾಗ ಆಡುವ ಕೀಲುಗಳ, ಬೇರಿಂಗುಗಳು ತುಕ್ಕು ಹಿಡಿದಿದ್ದವು. 15 ಮಿ.ಮೀ. ಒಳ ಅಳತೆ, 28 ಹೊರ ಅಳತೆ, 7 ಅಗಲದ 6902 ಬೇರಿಂಗುಗಳನ್ನು ಎಸ್‌ಜೆಪಿ ರಸ್ತೆಯಲ್ಲಿ ಹುಡುಕಿ ತಂದು ನಾನೇ ಕೂರಿಸಿದೆ. ಹಿಂದಿನ ಚಕ್ರದ ನಡುವೆ ಕೂರುವ 148 ಮಿ.ಮೀ. ಅಗಲದ ಹಬ್‌ಗಾಗಿ ತಿಂಗಳುಗಟ್ಟಲೆ ಕಾದೆ. ಕೇಬಲನ್ನು ಫ್ರೇಮಿನ ಒಳಗಿಂದ ಹಾಯಿಸಿ ಹೊರತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು. ಕಾರ್ಬನ್ ಎಂದು ಪ್ರತಿ ಬೋಲ್ಟನ್ನೂ ಟಾರ್ಕ್ ರೆಂಚ್ ಹಿಡಿದು ಹೇಳಿದಷ್ಟೇ ಬಿಗಿ ಮಾಡಿದೆ. ಅಷ್ಟು ಪ್ರೀತಿಯಿಂದ ಕಟ್ಟಿದೆ ಆ ಸೈಕಲನ್ನು.

ಮೊದಲ ಮೋಸ ಹೊರಬಿದ್ದದ್ದು ಆಗಲೇ. ಶಾಕಿನ ಗಾಳಿಯನ್ನೆಲ್ಲ ಬಿಟ್ಟು ಹಿಂದಿನ ಚಕ್ರವನ್ನು ಕೊನೆಯವರೆಗೆ ಒತ್ತಿ ನೋಡಿದರೆ ಟಯರ್ ಹೋಗಿ ಸೀಟ್ ಟ್ಯೂಬಿಗೆ ಬಡಿಯಿತು. ಅಳೆದೆ. ಆ ಫ್ರೇಮಿಗೆ ಬೇಕಾದದ್ದು 210×50 ಅಳತೆಯ ಶಾಕ್ (210 ಮಿ.ಮೀ. ಉದ್ದ, 50 ಮಿ.ಮೀ. ಕುಗ್ಗುವುದು), ಆತ ಕೊಟ್ಟದ್ದು 210×55. ಉದ್ದ ಒಂದೇ ಆದ್ದರಿಂದ ಬೋಲ್ಟ್ ಸರಿಯಾಗಿಯೇ ಕೂರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಶಾಕ್ 5 ಮಿ.ಮೀ. ಹೆಚ್ಚು ಕುಗ್ಗಿದರೆ ಈ ಫ್ರೇಮಿನಲ್ಲಿ ಚಕ್ರ ಸುಮಾರು 14 ಮಿ.ಮೀ. ಹೆಚ್ಚು ಮೇಲೇಳುತ್ತದೆ. ಕೇಳಿದ್ದಕ್ಕೆ ಬಂದ ಉತ್ತರ: "ಟ್ರಾವೆಲ್ ಜಾಸ್ತಿ ಸಿಕ್ಕಿತಲ್ಲ ಬ್ರದರ್, ಸಂತೋಷಪಡಿ." ಶಾಕಿನೊಳಗೆ ಸ್ಪೇಸರ್ ಹಾಕಿಸಿ 50ಕ್ಕೆ ಇಳಿಸಿಕೊಂಡೆ. ಆ ಉತ್ತರ ಕೇಳಿದ ದಿನವೇ ಫ್ರೇಮನ್ನು ವಾಪಸ್ ಎಸೆದು ಬರಬೇಕಿತ್ತು.

ಯಲಹಂಕದಾಚೆಯ ಆವಲಹಳ್ಳಿ ಕಾಡಿನ ಹಾದಿಯಲ್ಲಿ ಎರಡು ಸಲ ಓಡಿಸಿದೆ. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮೂರನೆಯ ಸಲ ಏರಿನಲ್ಲಿ ಪೆಡಲ್ ಒತ್ತಿದಾಗಲೆಲ್ಲ ಕಿರ್ ಎನ್ನತೊಡಗಿತು. ಇಂಥ ಸದ್ದು ಬಂದರೆ ಎಲ್ಲರೂ ಮೊದಲು ಪೆಡಲ್ ದಂಡ ತಿರುಗುವ ಬಾಟಮ್ ಬ್ರಾಕೆಟ್ ಬಿಚ್ಚುತ್ತಾರೆ, ಆಮೇಲೆ ಸೀಟ್ ಪೋಸ್ಟ್, ಆಮೇಲೆ ಪಿವಟ್. ನಾನೂ ಎಲ್ಲ ಬಿಚ್ಚಿ ಗ್ರೀಸ್ ಹಚ್ಚಿ ಜೋಡಿಸಿದೆ. ಸದ್ದು ಹೋಗಲಿಲ್ಲ. ಸೈಕಲ್ ತೊಳೆಯುವಾಗ ಗಾರ್ಡಿನ ಒಂದು ತುದಿ ಮೇಲೆದ್ದಿತು. ಎಳೆದೆ, ಪೂರ್ತಿ ಬಂತು. ಅದರಡಿಯಲ್ಲಿ, ಬಣ್ಣದ ಮೇಲೆ, ಕೂದಲೆಳೆಯಂಥ ಗೆರೆ. ಡೌನ್ ಟ್ಯೂಬಿಗೆ ಅಡ್ಡವಾಗಿ.

ಮೆಕ್ಯಾನಿಕ್ ಬಳಿ ಒಯ್ದೆ. ಅವರು ನೀರು ಹಾಕಿ ಉಪ್ಪುಕಾಗದದಿಂದ ಹೆಬ್ಬೆರಳಗಲ ಉಜ್ಜಿದರು. ಕಾರ್ಬನ್ ಉಜ್ಜಿದರೆ ಕಪ್ಪು ಕೆಸರು ಬರಬೇಕು. ಅಲ್ಲಿ ಹಳದಿ ಕೆಸರು ಬಂತು. ಅವರು ಉಜ್ಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಸರ್, ಇದು ಕಾರಿಗೆ ಹಾಕುವ ಪುಟ್ಟಿ." ಇನ್ನಷ್ಟು ಉಜ್ಜಿದಾಗ ಪುಟ್ಟಿಯ ಕೆಳಗೆ ಒಡೆದ ಕಾರ್ಬನ್ನಿನ ಎಳೆಗಳು ಕಂಡವು. ಯಾವಾಗಲೋ ಬಂಡೆಗೆ ಬಡಿದು ಒಡೆದ ಫ್ರೇಮು. ಪುಟ್ಟಿ ತುಂಬಿ, ಬಣ್ಣ ಬಳಿದು, ಮೇಲೆ ಗಾರ್ಡ್ ಅಂಟಿಸಿ ಕೊಟ್ಟಿದ್ದಾನೆ. ಮುಂದಿನ ವಾರ ಸಕಲೇಶಪುರದ ಬಳಿ ಗೆಳೆಯನ ಕಾಫಿ ತೋಟದ ಇಳಿಜಾರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ವೇಗದಲ್ಲಿ ಇಳಿಯುವಾಗ ಡೌನ್ ಟ್ಯೂಬ್ ತುಂಡಾದರೆ ಏನಾಗುತ್ತದೆ ಎಂದು ಓಡಿಸುವವರಿಗೆ ವಿವರಿಸಬೇಕಾಗಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ.

ಫೋಟೋ ಕಳುಹಿಸಿದೆ. ಮರುದಿನ ಮಧ್ಯಾಹ್ನ ಉತ್ತರ ಬಂತು: "ನಾನು ಕೊಟ್ಟಾಗ ಹೀಗಿರಲಿಲ್ಲ ಸರ್." ಅಲ್ಲಿಯವರೆಗೆ ಬ್ರದರ್ ಆಗಿದ್ದವನು ಅಂದಿನಿಂದ ಸರ್ ಆದೆ. ಬಣ್ಣದ ಅಡಿಯಲ್ಲಿ ಪುಟ್ಟಿ ಇದೆ, ಬಣ್ಣ ನಾನು ಬಳಿದದ್ದಲ್ಲ ಎಂದೆ. "ನೀವೇ ಎಲ್ಲೋ ಬೀಳಿಸಿ, ಪುಟ್ಟಿ ಹಾಕಿಸಿ ನನ್ನ ತಲೆಗೆ ಕಟ್ಟುತ್ತಿದ್ದೀರಿ." ಮೊದಲ ದಿನ ನಾನು ತೆಗೆದ ಫೋಟೋದಲ್ಲೂ ಅದೇ ಬಣ್ಣವಿದೆ ಎಂದು ತೋರಿಸಿದೆ. "ಹಿಂದಿನ ಮಾಲೀಕರು ಮಾಡಿಸಿರಬಹುದು." ಹಿಂದಿನ ಮಾಲೀಕರೇ? ಒಬ್ಬರೇ ಓಡಿಸಿದ್ದು ಎಂದು ಮೂರು ಸಲ ಹೇಳಿದಿರಲ್ಲ? "ಒಬ್ಬರೇ ಎಂದರೆ ನನಗಿಂತ ಮೊದಲು ಒಬ್ಬರೇ." ಇದನ್ನು ಓದಿದಾಗ ನನ್ನ ಕೈ ನಡುಗಿತು. ಕೊನೆಗೆ ಬಂದದ್ದು ಇದು: "ನೀವೇ ನೋಡಿ, ನೀವೇ ತಟ್ಟಿ, ಒಪ್ಪಿ ಒಯ್ದದ್ದಲ್ಲವೇ ಸರ್? 5,000 ಕೊಡುತ್ತೇನೆ, ರಿಪೇರಿ ಮಾಡಿಸಿಕೊಳ್ಳಿ. ಇದನ್ನು ಎಲ್ಲೂ ಹೇಳಬೇಡಿ." ಹಣ ಬೇಡ, ಫ್ರೇಮ್ ವಾಪಸ್ ತೆಗೆದುಕೊಳ್ಳಿ ಎಂದೆ. ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ದುರಸ್ತಿಯಾದ ಕಾರ್ಬನ್ ಫ್ರೇಮೆಲ್ಲ ಕೆಟ್ಟದ್ದಲ್ಲ. ಒಡೆದ ಭಾಗವನ್ನು ಸುತ್ತಲೂ ಸವೆಸಿ, ಹೊಸ ಕಾರ್ಬನ್ ಪದರ ಎಪಾಕ್ಸಿ ಹಾಕಿ ಕೂರಿಸಿ, ಸರಿಯಾಗಿ ಗಟ್ಟಿಯಾಗಿಸಿದರೆ ವರ್ಷಗಟ್ಟಲೆ ಓಡುತ್ತದೆ. ಹಾಗೆ ಮಾಡಿಸಿ, ಹೇಳಿ, ಬೆಲೆ ಇಳಿಸಿ ಮಾರಿದ್ದರೆ ನಾನೇ ಕೊಳ್ಳುತ್ತಿದ್ದೆನೇನೋ. ಪುಟ್ಟಿಗೆ ಬಲವಿಲ್ಲ, ಅದು ಕಣ್ಣಿಗೆ ಮಾತ್ರ. ಇದು ಆತನಿಗೆ ಗೊತ್ತಿತ್ತು. ವಕೀಲ ಗೆಳೆಯನೊಬ್ಬ 1872ರ ಒಪ್ಪಂದ ಕಾಯ್ದೆಯ 17ನೆಯ ಸೆಕ್ಷನ್ ಓದಿ ತೋರಿಸಿದ. ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದು ಅದರ ಪ್ರಕಾರ ವಂಚನೆ. ಆದರೆ ಗೊತ್ತಿತ್ತು ಎಂದು ಸಾಬೀತು ಮಾಡುವ ಹೊರೆ ನನ್ನ ಮೇಲಿದೆ, ನನ್ನ ಕೈಯಲ್ಲಿರುವುದು ಕೆಲವು ಸಂದೇಶಗಳು ಮಾತ್ರ.

ಆದ್ದರಿಂದ ಹಗಲು ಬೆಳಕಿನಲ್ಲಿ ನೋಡಿ. ಗಾರ್ಡ್, ಸ್ಟಿಕ್ಕರ್, ಟೇಪ್ ಏನಿದ್ದರೂ ಕೀಳಿಸಿ, ಹೊಸ ಗಾರ್ಡಿನ ಬೆಲೆ ನೀವೇ ಕೊಟ್ಟರೂ ಸರಿ. ಕೀಳಲು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕಾರಣ ಹೇಳದೆ ಎರಡನೆಯ ಸಲ ಬಣ್ಣ ಬಳಿದ ಫ್ರೇಮನ್ನು ಯಾವ ಬೆಲೆಗೂ ಮುಟ್ಟಬೇಡಿ. ಶಾಕಿನ ಅಳತೆಯನ್ನು ಫ್ರೇಮ್ ತಯಾರಿಸಿದವರ ಪಟ್ಟಿಯಲ್ಲಿ ನೋಡಿ, ಮಾರುವವನ ಬಾಯಲ್ಲಿ ಅಲ್ಲ. "ಬಿದ್ದಿಲ್ಲ, ಒಡೆದಿಲ್ಲ, ದುರಸ್ತಿಯಾಗಿಲ್ಲ" ಎಂದು ಬರೆದು ಸಹಿ ಹಾಕಿಸಿಕೊಳ್ಳಿ.

ಈಗ ಬರೆಯಲು ಕಾರಣ ಇದು. ಅದೇ ಮನುಷ್ಯ ಕಳೆದ ವಾರ ಇನ್ನೊಂದು ಕಾರ್ಬನ್ ಫ್ರೇಮ್ ಮಾರಾಟಕ್ಕಿಟ್ಟಿದ್ದಾನೆ. ಲಾರ್ಜ್ ಅಳತೆ, ಕಡು ಹಸಿರು ಬಣ್ಣ, ಒಬ್ಬರೇ ಓಡಿಸಿದ್ದು ಎಂದು ಬರೆದಿದ್ದಾನೆ. ಫೋಟೋದಲ್ಲಿ ಡೌನ್ ಟ್ಯೂಬಿನ ಅಡಿಯಲ್ಲಿ ಹೊಸ ಗಾರ್ಡ್ ಇದೆ. ಅದನ್ನು ನೋಡಲು ಹೋಗುವವರಿದ್ದರೆ ಹೋಗುವ ಮುಂಚೆ ನನಗೆ ಒಂದು ಮಾತು ತಿಳಿಸಿ, ನಾನೂ ಜೊತೆಗೆ ಬರುತ್ತೇನೆ.