ಎರಡು ಸಲ ಅಚ್ಚಾದಂತೆ ಕಾಣುವ ‘ರೆಫ್ಯೂಜಿ ರಿಲೀಫ್’ ಚೀಟಿಗಳನ್ನು ಕೊಳ್ಳುವ ಮುನ್ನ

ಬೆಂಗಳೂರಿನ ಒಂದು ಅಂಚೆಚೀಟಿ ಪ್ರದರ್ಶನದ ಮಾರಾಟ ಮಳಿಗೆಯಲ್ಲಿ ನಾನು 9,500 ರೂಪಾಯಿ ಕೊಟ್ಟು ಎರಡು ವಸ್ತುಗಳನ್ನು ಕೊಂಡೆ: 1971ರ ‘ರೆಫ್ಯೂಜಿ ರಿಲೀಫ್’ ಓವರ್‌ಪ್ರಿಂಟ್ (ಮೊದಲೇ ಅಚ್ಚಾದ ಚೀಟಿಯ ಮೇಲೆ ಆಮೇಲೆ ಒತ್ತಿದ ಅಕ್ಷರಗಳು) ಇರುವ 5 ಪೈಸೆಯ ಚೀಟಿಗಳ ಒಂದು ಬಳಸದ ಜೋಡಿ, ಮತ್ತು ಅದೇ ಚೀಟಿಯ ಬಳಸಿದ ಒಂಟಿ ಪ್ರತಿ. ಎರಡೂ ‘ಡಬಲ್ ಓವರ್‌ಪ್ರಿಂಟ್’, ಅಂದರೆ ಆ ಅಕ್ಷರಗಳು ತಪ್ಪಿ ಎರಡು ಸಲ ಅಚ್ಚಾದ ಚೀಟಿಗಳು, ಎಂದು ಮಾರಾಟಗಾರರು ಹೇಳಿದರು, ನಾನು ನಂಬಿದೆ. ಮೊದಲನೆಯದು ಅಚ್ಚಿನ ಒಂದು ಸಣ್ಣ ದೋಷವಷ್ಟೇ, ಎರಡನೆಯದು ಇತ್ತೀಚೆಗೆ ಯಾರೋ ಕುಳಿತು ತಯಾರಿಸಿದ ನಕಲಿ ಎಂಬುದು ತಿಳಿಯುವಷ್ಟರಲ್ಲಿ ಪ್ರದರ್ಶನ ಮುಗಿದು ತಿಂಗಳಾಗಿತ್ತು.

ಈ ಚೀಟಿಯೇ ಏಕೆ ಇಂಥ ವ್ಯಾಪಾರಕ್ಕೆ ಒದಗುತ್ತದೆ ಎಂಬುದನ್ನು ಹೇಳಬೇಕು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಾಗ, ಅವರ ಪರಿಹಾರಕ್ಕಾಗಿ ಸರ್ಕಾರವು 1971ರ ನವೆಂಬರ್ 15ರಿಂದ ಟಪಾಲಿನ ಮೇಲೆ 5 ಪೈಸೆಯ ಹೆಚ್ಚುವರಿ ಶುಲ್ಕ ವಿಧಿಸಿತು. ಅದಕ್ಕೆಂದೇ ರೂಪಿಸಿದ ಚೀಟಿ ಡಿಸೆಂಬರ್ 1ರಂದು ಬರುವವರೆಗೆ, ಆಗ ಬಳಕೆಯಲ್ಲಿದ್ದ 5 ಪೈಸೆಯ ಕುಟುಂಬ ಯೋಜನೆ ಚೀಟಿಯ ಮೇಲೆಯೇ ಅಕ್ಷರ ಒತ್ತಿ ಕೆಲಸ ಸಾಗಿಸಲಾಯಿತು. ನಾಸಿಕ್ ಮುದ್ರಣಾಲಯದ್ದಲ್ಲದೆ ಬೆಂಗಳೂರು, ಜೈಪುರ ಮೊದಲಾದ ಊರುಗಳಲ್ಲಿ ಸ್ಥಳೀಯವಾಗಿ ಆದ ಓವರ್‌ಪ್ರಿಂಟ್‌ಗಳೂ ಇವೆ. ಅವಸರದ ಕೆಲಸವಾದ್ದರಿಂದ ನಿಜವಾದ ತಪ್ಪುಗಳು ಆಗಿವೆ. ತಪ್ಪುಗಳು ಇರುವುದರಿಂದಲೇ ಸುಳ್ಳಿಗೂ ಬೆಲೆ ಬಂದಿದೆ. ಮೂಲ ಚೀಟಿಯಂತೂ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಜೋಡಿಯ ವಿಷಯ ಮೊದಲು. ಅದರ ಓವರ್‌ಪ್ರಿಂಟ್ ಅಚ್ಚುಮೊಳೆಗಳಿಂದ ಆದದ್ದು. ಮೊಳೆ ಮಸಿಯನ್ನು ಮಾತ್ರ ಬಿಡುವುದಿಲ್ಲ, ಕಾಗದವನ್ನು ಒತ್ತಿ ತಗ್ಗನ್ನೂ ಮಾಡುತ್ತದೆ. ಚೀಟಿಯನ್ನು ತಿರುಗಿಸಿ ದೀಪವನ್ನು ಪಕ್ಕದಿಂದ, ಬಹಳ ಓರೆಯಾಗಿ ಹಿಡಿದರೆ ಅಕ್ಷರಗಳ ಉಬ್ಬು ಹಿಂಬದಿಯ ಅಂಟಿನ ಮೇಲೆ ಕಾಣುತ್ತದೆ. ಹಾಳೆ ನಿಜವಾಗಿ ಎರಡು ಸಲ ಯಂತ್ರಕ್ಕೆ ಹೋಗಿದ್ದರೆ ಎರಡು ಒತ್ತುಗಳು ಇರಬೇಕು. ಎರಡನೆಯದಕ್ಕೆ ಮಸಿ ಕಡಿಮೆ ಬಿದ್ದಿದ್ದರೂ ಒತ್ತು ಇರಲೇಬೇಕು. ನನ್ನ ಜೋಡಿಯಲ್ಲಿ ಇದ್ದದ್ದು ಒಂದೇ. ಮುಂಬದಿಯಲ್ಲಿ ಕಾಣುತ್ತಿದ್ದ ಎರಡನೆಯ ಬಿಂಬವು ಅಕ್ಷರಗಳ ಒಂದೇ ಮಗ್ಗುಲಿಗೆ ನೆರಳಿನಂತೆ, ಅಲ್ಲಲ್ಲಿ ಕಡಿದುಹೋಗಿ, ಬೂದು ಬಣ್ಣದಲ್ಲಿತ್ತು. ಸಡಿಲವಾಗಿ ಜೋತ ಹಾಳೆಯು ಒತ್ತು ಬೀಳುವ ಮೊದಲೋ ಆಮೇಲೋ ಮಸಿ ಹಚ್ಚಿದ ಮೊಳೆಗೆ ಸವರಿಕೊಂಡಾಗ ಹೀಗಾಗುತ್ತದೆ. ಸಂಗ್ರಾಹಕರು ಇದನ್ನು ‘ಕಿಸ್ ಪ್ರಿಂಟ್’ ಎನ್ನುತ್ತಾರೆ. ಇದು ಸುಳ್ಳು ವಸ್ತುವಲ್ಲ, ಆಲ್ಬಮ್ಮಿನಲ್ಲಿ ಇಡಲು ಯೋಗ್ಯವಾದದ್ದೇ, ಆದರೆ ಡಬಲ್ ಓವರ್‌ಪ್ರಿಂಟ್‌ನ ಬೆಲೆ ಇದಕ್ಕೆ ಇಲ್ಲ. ಮಾರಿದವರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ ಎಂದೇ ಮೊದಲು ನಾನು ಭಾವಿಸಿದ್ದೆ.

ಒಂಟಿ ಚೀಟಿಯನ್ನು ನೋಡಿದ ಮೇಲೆ ಆ ಉದಾರತೆ ಉಳಿಯಲಿಲ್ಲ. ಅದರಲ್ಲಿ ಎರಡೂ ಬಿಂಬಗಳು ದಟ್ಟವಾಗಿ, ಸ್ಪಷ್ಟವಾಗಿ ಇದ್ದವು. ನನ್ನನ್ನು ಮರುಳು ಮಾಡಿದ್ದೂ ಆ ಸ್ಪಷ್ಟತೆಯೇ. ಬಳಸಿದ ಚೀಟಿಯ ಮೇಲೆ ಮಸಿಗಳಿಗೆ ಒಂದು ಕ್ರಮವಿರುತ್ತದೆ: ಮೊದಲು ಚೀಟಿಯ ಚಿತ್ರ, ಅದರ ಮೇಲೆ ಓವರ್‌ಪ್ರಿಂಟ್, ಲಕೋಟೆಗೆ ಅಂಟಿಸಿದ ಮೇಲೆ ಕಡೆಗೆ ಅಂಚೆಯ ಮೊಹರು. ಹಾಗಾಗಿ ಮೊಹರು ಎಲ್ಲದರ ಮೇಲೂ ಇರಬೇಕು. ನನ್ನ ಚೀಟಿಯಲ್ಲಿ ಮೊಹರಿನ ಕಮಾನು ಒಂದು ‘ರಿಲೀಫ್’ನ ಮೇಲೆ ಹಾದು, ಇನ್ನೊಂದು ‘ರಿಲೀಫ್’ನ ಕೆಳಗೆ ನುಸುಳಿತ್ತು. ಕಪ್ಪಿನ ಮೇಲೆ ಕಪ್ಪು ಇರುವಾಗ ಯಾವುದು ಮೇಲಿನದು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲೂ ಮೋಸಹೋಗಬಹುದು. ನನಗೆ ಸುಳಿವು ಕೊಟ್ಟದ್ದು ಹೊಳಪು. ಎರಡನೆಯ ಬಿಂಬ ಕಾಗದದೊಳಗೆ ಇಳಿಯದೆ ಪ್ಲಾಸ್ಟಿಕ್ ಪೊರೆಯಂತೆ ಮೇಲೆಯೇ ಮಿನುಗುತ್ತಿತ್ತು, ಅಕ್ಷರಗಳ ಸುತ್ತ ಧೂಳಿನಂಥ ಕಪ್ಪು ಕಣಗಳು ಚೆದುರಿದ್ದವು. ಅದು ಲೇಸರ್ ಪ್ರಿಂಟರಿನ ಟೋನರ್. 1971ರ ಚೀಟಿಯ ಮೇಲೆ ಅದಕ್ಕೇನು ಕೆಲಸ?

ರಬ್ಬರ್ ಮೊಹರಿನಿಂದ ಕೈಯಲ್ಲಿ ಒತ್ತಿದ ಪ್ರತಿಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಅಲ್ಲಿ ಗುಮಾಸ್ತರು ಅಂದು ಎರಡು ಬಾರಿ ಒತ್ತಿದ್ದಕ್ಕೂ, ಇಂದು ಯಾರೋ ಮನೆಯಲ್ಲಿ ಎರಡನೆಯ ಬಾರಿ ಒತ್ತಿದ್ದಕ್ಕೂ ಒತ್ತಿನ ಪುರಾವೆ ಇರುವುದಿಲ್ಲ. ಅಂಥದ್ದನ್ನು ದಿನಾಂಕ ಓದಲು ಬರುವ ಪೂರ್ತಿ ಲಕೋಟೆಯ ಮೇಲಲ್ಲದೆ ನಾನು ಇನ್ನು ಕೊಳ್ಳುವುದಿಲ್ಲ. ಬಹು ಚೀಟಿಗಳ ಬ್ಲಾಕ್ ಸಿಕ್ಕರೆ ಮತ್ತೊಂದು ಪರೀಕ್ಷೆಯಿದೆ: ಇಡೀ ಹಾಳೆಗೆ ಮೊಳೆಗಳನ್ನು ಕಟ್ಟಿ ಎರಡು ಸಲ ಒತ್ತಿದ್ದರೆ ಎರಡನೆಯ ಒತ್ತಿನ ಅಕ್ಷರಗಳು ಮೊದಲಿನವುಗಳಿಂದ ಸರಿದಿರುವ ರೀತಿ ಒಂದು ಚೀಟಿಯಿಂದ ಪಕ್ಕದ ಚೀಟಿಗೆ ಕ್ರಮ ತಪ್ಪದೆ ಮುಂದುವರಿಯಬೇಕು, ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ ಹೋಗುವಂತಿಲ್ಲ.

ನಾನು ಮಾಡಿದ ತಪ್ಪುಗಳು ಸರಳವಾದವು. ಪ್ಲಾಸ್ಟಿಕ್ ಹೊದಿಕೆಯಿಂದ ಚೀಟಿಗಳನ್ನು ತೆಗೆಸಿ ಹಿಂಬದಿ ನೋಡಲಿಲ್ಲ, ರಸೀದಿ ಕೇಳಲಿಲ್ಲ, ತಜ್ಞರ ಪ್ರಮಾಣಪತ್ರ ದೊರೆಯದಿದ್ದರೆ ಹಣ ವಾಪಸು ಎಂಬ ಮಾತನ್ನು ಬರಹದಲ್ಲಿ ಪಡೆಯಲಿಲ್ಲ. ಫೋನು ಮಾಡಿದಾಗ ಮಾರಾಟಗಾರರು “ನೀವು ನೋಡಿಯೇ ತಗೊಂಡ್ರಲ್ಲ ಸಾರ್” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಜೋಡಿಯನ್ನು ‘ಕಿಸ್ ಪ್ರಿಂಟ್’ ಎಂಬ ಶೀರ್ಷಿಕೆಯಡಿ ಆಲ್ಬಮ್ಮಿನಲ್ಲಿ ಇಟ್ಟಿದ್ದೇನೆ. ಒಂಟಿ ಚೀಟಿಯ ಬೆನ್ನಿಗೆ, ನನ್ನ ನಂತರ ಅದು ಯಾರ ಕೈಗೆ ಹೋದರೂ ಮತ್ತೆ ಮಾರಾಟಕ್ಕೆ ಬರದಿರಲೆಂದು, ಅಳಿಸಲಾಗದ ಮಸಿಯಲ್ಲಿ ‘ನಕಲಿ’ ಎಂದು ಬರೆದಿದ್ದೇನೆ.