ಅಮ್ಮನ ಮದ್ದಿನ ಪಟ್ಟಿ ನೋಡಿಕೊಳ್ಳುವ ಆ್ಯಪ್: 14 ತಿಂಗಳು ಬಳಸಿದ ಮೇಲೆ

ಅಮ್ಮನಿಗೆ 71 ವರ್ಷ. ಶುಗರ್ ಶುರುವಾಗಿ 19 ವರ್ಷ ಆಯಿತು. ಬಿಪಿ ಅದರ ಬೆನ್ನಿಗೇ ಬಂತು. ಮೂರು ವರ್ಷದಿಂದ ಕಿಡ್ನಿಯೂ ಸ್ವಲ್ಪ ವೀಕ್. ನಮ್ಮ ಮನೆ ಬದಿಯಡ್ಕದಿಂದ ಒಳಗೆ, ತೋಟದ ನಡುವೆ. ತಿಂಗಳ ಮದ್ದು ಇಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ, ದುಡ್ಡಿಲ್ಲ. ದೊಡ್ಡ ಡಾಕ್ಟರನ್ನು ನೋಡಬೇಕಾದರೆ ಮಂಗಳೂರೇ ಆಗಬೇಕು, ಕಾಸರಗೋಡಿನ ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಕುಂಬಳೆಗೆ ಇಳಿದು ಬಸ್ಸು ಬದಲಿಸಿ ಹೋಗಬೇಕು, ಅಮ್ಮನಿಗೆ ಈಗ ಅದು ಆಗುವುದಿಲ್ಲ. ಕಾರು ಮಾಡಿದರೆ ಎರಡು ಸಾವಿರ, ನನಗೆ ಶಾಲೆಗೆ ಒಂದು ದಿನ ರಜೆ.

2020ರ ಮಾರ್ಚಿನಲ್ಲಿ ಕೊರೊನಾ ಎಂದು ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತ್ತಲ್ಲ, ಆಗ ನಮ್ಮ ಮನೆಯಲ್ಲಿ ಹದಿನಾಲ್ಕು ದಿನದ ಮದ್ದು ಮಾತ್ರ ಉಳಿದಿತ್ತು. ಆ ಹೆದರಿಕೆ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಗಡಿಯ ಈಚೆಗೇ ಅಮ್ಮನ ಪೂರ್ತಿ ವಿಷಯ ಗೊತ್ತಿರುವ ಒಬ್ಬ ಡಾಕ್ಟರ್ ಬೇಕು ಎಂದು ಅವತ್ತೇ ಅನ್ನಿಸಿತ್ತು. ಹಾಗಾಗಿ ಕಳೆದ ವರ್ಷ ಏಪ್ರಿಲ್‌ನಲ್ಲಿ ಹತ್ತಿರದ ಕ್ಲಿನಿಕ್‌ನವರು, ಮನೆಯಲ್ಲೇ ಬಿಪಿ, ಶುಗರ್ ನೋಡಿ ಫೋನಿನಲ್ಲಿ ಕಳಿಸಿದರೆ ಡಾಕ್ಟರ್ ಅದನ್ನು ನೋಡಿ ಮದ್ದಿನ ಪಟ್ಟಿ ಸರಿಮಾಡುವ ಆ್ಯಪ್ ಸೇವೆ ಇದೆ, ತಿಂಗಳಿಗೆ 350 ರೂಪಾಯಿ ಎಂದಾಗ ಹೆಚ್ಚು ಯೋಚಿಸದೆ ಸೇರಿದೆ. ಸೇವೆಯ ಹೆಸರು ಬರೆಯುವುದಿಲ್ಲ. ನೀವು ಯಾವುದನ್ನು ತೆಗೆದುಕೊಂಡರೂ ನಾನು ಹೇಳುವ ಒಂದು ವಿಷಯ ಮೊದಲೇ ಕೇಳಿಕೊಳ್ಳಿ, ಅಷ್ಟೇ.

ಬಿಪಿ ಮೆಷೀನ್ ಯಾವುದು, ಬ್ಲೂಟೂತ್ ಇದೆಯಾ, ಯಾವ ಫೋನಿಗೆ ಆಗುತ್ತದೆ ಎಂಬುದೆಲ್ಲ ಅವರ ಪುಟದಲ್ಲೇ ಇದೆ. ನಮ್ಮ ಮನೆಯಲ್ಲಿ ಅದು ದಿನಾ ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ.

ಬೆಳಿಗ್ಗೆ ಆರೂವರೆಗೆ ಅಮ್ಮ ಜಗಲಿಯ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಕಾಫಿ ಆಮೇಲೆ. ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಬೇಕು, ಮಾತಾಡಬಾರದು. ಮೊದಲ ವಾರ ಇದೇ ಕಷ್ಟವಾಯಿತು, ಅಂಗಳಕ್ಕೆ ಹೂ ಕೊಯ್ಯಲು ಬಂದವರನ್ನು ಮಾತಾಡಿಸದೆ ಅಮ್ಮನಿಂದ ಇರಲು ಆಗುತ್ತಿರಲಿಲ್ಲ. ಈಗ ಆ ಐದು ನಿಮಿಷ ಅವರಿಗೇ ಇಷ್ಟ. ಕೈಯನ್ನು ಎದೆಯ ಮಟ್ಟಕ್ಕೆ ಬರುವಂತೆ ದಿಂಬಿನ ಮೇಲೆ ಇಡುತ್ತೇನೆ. ಒಮ್ಮೆ ನೋಡಿ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ವಾರಕ್ಕೆ ಮೂರು ದಿನ ಬೆರಳು ಚುಚ್ಚಿ ಶುಗರ್ ಕೂಡ. ಬೆರಳಿನ ತುದಿಯ ನಡುವೆ ಚುಚ್ಚಬಾರದು, ಬದಿಗೆ ಚುಚ್ಚಿದರೆ ನೋವು ಕಡಿಮೆ ಎಂದು ಕ್ಲಿನಿಕ್‌ನ ಸಿಸ್ಟರ್ ಹೇಳಿಕೊಟ್ಟರು. ಲೆಕ್ಕ ಫೋನಿಗೆ ತಾನೇ ಹೋಗುತ್ತದೆ. ಅಮ್ಮ ಮಾತ್ರ ತನ್ನ ಹಳೆಯ ನೋಟ್ ಪುಸ್ತಕದಲ್ಲೂ ಬರೆಯುತ್ತಾರೆ, ದಿನಾಂಕದ ಜೊತೆ ತಿಥಿ ಸಹಿತ. ಆಮೇಲೆ ಕಾಫಿ, ಸಕ್ಕರೆ ಇಲ್ಲದ್ದು.

ಆಹಾರದ ವಿಷಯದಲ್ಲಿ ಮೊದಲು ಬಂದ ಚಾರ್ಟಿನಲ್ಲಿ ಓಟ್ಸ್, ಚಪಾತಿ ಎಂದೆಲ್ಲ ಇತ್ತು. ಕುಚ್ಚಲಕ್ಕಿ ಗಂಜಿ ಉಣ್ಣುವವರಿಗೆ ಅದು ನಡೆಯುವುದಿಲ್ಲ ಎಂದು ಸಿಸ್ಟರಿಗೆ ಹೇಳಿದೆ. ಅವರು ಗಂಜಿ ಬಿಡಿಸಲಿಲ್ಲ, ಅನ್ನದ ಅಗುಳು ಒಂದು ಸೌಟು ಮಾತ್ರ, ಜೊತೆಗೆ ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ ಬೇಡ ಎಂದು ತಿದ್ದಿದರು. ಉಪ್ಪಿನಕಾಯಿ ಬಿಡಲು ಅಮ್ಮ ಒಪ್ಪಲು ನಾಲ್ಕು ತಿಂಗಳು ಹಿಡಿಯಿತು.

ಆದರೆ ನಾನು ಈ ಸೇವೆಯನ್ನು ಹೊಗಳುವುದು ಇದಕ್ಕೆಲ್ಲ ಅಲ್ಲ. ಮದ್ದಿನ ಪಟ್ಟಿಗೆ.

ಸೇರಿದಾಗ ಸಿಸ್ಟರ್ ಮನೆಗೆ ಬಂದಿದ್ದರು. ಮನೆಯಲ್ಲಿರುವ ಎಲ್ಲ ಮದ್ದನ್ನೂ ಮೇಜಿನ ಮೇಲೆ ಸುರಿಯಿರಿ ಎಂದರು. ಚೀಟಿ ಬೇಡ, ಮದ್ದೇ ಬೇಕು. ಅಮ್ಮನ ಬಿಸ್ಕೆಟ್ ಡಬ್ಬಿ, ನನ್ನ ಬ್ಯಾಗು, ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಚೀಲ, ಎಲ್ಲ ಖಾಲಿ ಮಾಡಿದೆವು. ಅವರು ಒಂದೊಂದೇ ಪಟ್ಟಿಗೆ ಏರಿಸಿದರು, ಕಂಪನಿಯ ಹೆಸರಲ್ಲ, ಒಳಗಿರುವ ಮದ್ದಿನ ಹೆಸರು. ಆಗ ಗೊತ್ತಾಯಿತು. ಇಲ್ಲಿ ಕೊಡುವ ಬಿಪಿ ಮಾತ್ರೆ ಆಮ್ಲೋಡಿಪಿನ್, 5 ಮಿಲಿಗ್ರಾಂ. ಮಂಗಳೂರಿನಲ್ಲಿ ಬರೆದುಕೊಟ್ಟಿದ್ದ ಮಾತ್ರೆ ಟೆಲ್ಮಿಸಾರ್ಟಾನ್ ಮತ್ತು ಆಮ್ಲೋಡಿಪಿನ್ ಸೇರಿದ್ದು, ಅದರಲ್ಲೂ 5. ಹೆಸರು ಬೇರೆ, ಬಣ್ಣ ಬೇರೆ, ಎರಡು ಚೀಟಿ, ಎರಡು ಊರು. ಅಮ್ಮ ಎರಡನ್ನೂ ನುಂಗುತ್ತಿದ್ದರು. ಇಬ್ಬರು ಡಾಕ್ಟರರೂ ತಪ್ಪು ಮಾಡಲಿಲ್ಲ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಅಷ್ಟು ಹೊತ್ತಿಗೆ ಅಮ್ಮನ ಎರಡೂ ಪಾದ ಬಾತು ಮೂರು ತಿಂಗಳಾಗಿತ್ತು. ಕಿಡ್ನಿ ಇನ್ನೂ ಹಾಳಾಯಿತು ಎಂದೇ ನಾವು ತಿಳಿದಿದ್ದೆವು. ಅಮ್ಮ ಹತ್ತಿರದವರಿಗೆಲ್ಲ ಡಯಾಲಿಸಿಸ್ ಎಂದು ಹೇಳಿಕೊಂಡು ಅತ್ತಿದ್ದರು. ಆಮ್ಲೋಡಿಪಿನ್ ಡೋಸ್ ಜಾಸ್ತಿಯಾದರೆ ಕಾಲು ಬಾಯುವುದು ಅದರ ಗೊತ್ತಿರುವ ಅಡ್ಡ ಪರಿಣಾಮ. ಕ್ಲಿನಿಕ್‌ನ ಡಾಕ್ಟರ್ ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮತ್ತೆ ಮಾಡಿಸಿದರು, ಹಿಂದಿನಷ್ಟೇ ಇತ್ತು. ಆಮ್ಲೋಡಿಪಿನ್‌ನ ಬಿಡಿ ಮಾತ್ರೆಯನ್ನು ನಿಲ್ಲಿಸಿ, ಬಿಪಿ ದಿನಾ ಕಳಿಸಿ ಎಂದರು. ಮೂರು ವಾರದಲ್ಲಿ ಅಮ್ಮನ ಹಳೆಯ ಚಪ್ಪಲಿ ಮತ್ತೆ ಕಾಲಿಗೆ ಹಿಡಿಯಿತು. ಅವತ್ತು ನಾನು ಈ ಆ್ಯಪ್‌ಗೆ ಐದು ನಕ್ಷತ್ರ ಕೊಟ್ಟಿದ್ದೆ.

ಆ ಐದು ಈಗ ಮೂರು. ಯಾಕೆಂದು ಹೇಳುತ್ತೇನೆ.

ಆಗಸ್ಟಿನಲ್ಲಿ ಅಮ್ಮನಿಗೆ ಜ್ವರ ಬಂತು. ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ನಾನು ಆ್ಯಪ್‌ನಲ್ಲಿ ಅದನ್ನು ಬರೆದು ಶಾಲೆಗೆ ಹೋದೆ. ಡಾಕ್ಟರ್ ಮಧ್ಯಾಹ್ನವೇ ಪಟ್ಟಿ ಬದಲಿಸಿದ್ದರು, ರಾತ್ರಿಯ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಬೇಡ, ಜ್ವರ ಬಿಡುವವರೆಗೆ ನಿಲ್ಲಿಸಿ ಎಂದು. ಸರಿಯಾದ ನಿರ್ಧಾರ. ಆ ಮಾತ್ರೆ ಹಾಕಿ ಊಟ ಮಾಡದಿದ್ದರೆ ಶುಗರ್ ಕುಸಿಯುತ್ತದೆ, ಕಿಡ್ನಿ ವೀಕ್ ಇದ್ದವರಿಗೆ ಇನ್ನೂ ಅಪಾಯ. ಮೆಸೇಜ್ ಅಮ್ಮನ ಫೋನಿಗೂ ಬಂದಿತ್ತು. ಮಲಯಾಳದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ನನ್ನ ಫೋನಿಗೆ ಅವತ್ತು ಮಳೆಗೆ ರೇಂಜ್ ಇರಲಿಲ್ಲ, ಬಸ್ಸು ಸಿಗದೆ ಮನೆಗೆ ತಲುಪುವಾಗ ರಾತ್ರಿ ಒಂಬತ್ತಾಗಿತ್ತು. ಅಮ್ಮ ಎಂಟಕ್ಕೇ ಎರಡು ಚಮಚ ಗಂಜಿ ಕುಡಿದು ಮಾತ್ರೆ ನುಂಗಿದ್ದರು. ನಾನು ಹೋಗುವಾಗ ಮೈಯೆಲ್ಲ ಬೆವರು, ಕೈ ನಡುಕ. ಶುಗರ್ 58. ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ನೋಡಿದರೆ 84. ಮಾತ್ರೆಯ ಪ್ರಭಾವ ತುಂಬ ಹೊತ್ತು ಇರುತ್ತದೆ ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದ್ದರಿಂದ ಬೆಳಗಾಗುವವರೆಗೆ ಎಬ್ಬಿಸಿ ಎಬ್ಬಿಸಿ ನೋಡುತ್ತಾ ಕೂತೆ.

ಅಮ್ಮ ಓದಲು ಬಾರದವರಲ್ಲ. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಪುಟ್ಟ ಮಗು, ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಅವರ ಮದ್ದಿನ ಪಟ್ಟಿ ಡಾಕ್ಟರಿಗೆ ಕಾಣುತ್ತದೆ, ಸಿಸ್ಟರಿಗೆ, ಲ್ಯಾಬಿನವರಿಗೆ, ನನಗೆ ಕಾಣುತ್ತದೆ. ನುಂಗುವವರಿಗೆ ಮಾತ್ರ ಓದಲು ಆಗುವುದಿಲ್ಲ. ಇದು ಸಣ್ಣ ಕೊರತೆ ಅಲ್ಲ. ಮರುದಿನವೇ ಕಂಪನಿಗೆ ಬರೆದೆ. ಕನ್ನಡ ಸೇರಿಸುವ ಯೋಚನೆ ಇದೆ, ಈ ಭಾಗದಲ್ಲಿ ಬಳಸುವವರು ಕಡಿಮೆ ಎಂದು ಉತ್ತರ ಬಂತು. ಆಮೇಲೆ ಮೂರು ಸಲ ಬರೆದೆ, ಉತ್ತರ ಅದೇ.

ಕ್ಲಿನಿಕ್‌ನವರು ಮಾತ್ರ ತಮ್ಮಿಂದಾದಷ್ಟು ಸರಿಮಾಡಿದರು. ಈಗ ಪಟ್ಟಿಯಲ್ಲಿ ಏನು ಬದಲಾದರೂ ಸಿಸ್ಟರ್ ಅಮ್ಮನಿಗೇ ಫೋನ್ ಮಾಡುತ್ತಾರೆ. ಅವರ ಮನೆಮಾತು ಮಲಯಾಳ, ಆದರೆ ತುಳು ಚೆನ್ನಾಗಿ ಬರುತ್ತದೆ, ಅಮ್ಮನಿಗೂ ತುಳು ಬರುತ್ತದೆ. ಹೇಳಿದ್ದನ್ನು ಅಮ್ಮ ತಿರುಗಿ ಹೇಳಬೇಕು, ಆಮೇಲೆಯೇ ಫೋನ್ ಇಡುವುದು. ನಾನು ತಿಂಗಳ ಮೊದಲ ಭಾನುವಾರ ಪೂರ್ತಿ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸುತ್ತೇನೆ. ಮಾತ್ರೆಯ ಪಟ್ಟೆಗಳ ಮೇಲೂ ಮಾರ್ಕರಿನಲ್ಲಿ ‘ಬೆಳಿಗ್ಗೆ’, ‘ರಾತ್ರಿ’ ಎಂದು ಬರೆದಿಡುತ್ತೇನೆ.

ಮಂಗಳೂರಿನ ವಿಷಯ ಕೇಳುವವರಿಗೆ: ಅಲ್ಲಿನ ಡಾಕ್ಟರಿಗೆ ಈ ಆ್ಯಪ್ ಕಾಣುವುದಿಲ್ಲ. ಪಟ್ಟಿಯ ಪ್ರಿಂಟ್ ತೆಗೆದುಕೊಂಡು ಹೋಗುತ್ತೇವೆ. ಅಮ್ಮನಿಗೆ ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ಆಭಾ ನಂಬರ್ ಮಾಡಿಸಿದ್ದೇನೆ, ನಮ್ಮ ಒಪ್ಪಿಗೆ ಇದ್ದರೆ ಒಂದು ಕಡೆಯ ದಾಖಲೆ ಇನ್ನೊಂದು ಕಡೆ ಕಾಣಿಸುವುದಕ್ಕೇ ಅದು ಇರುವುದು, ಆದರೆ ಎರಡೂ ಕಡೆಯವರು ಅದಕ್ಕೆ ಜೋಡಿಸಿಕೊಂಡಿರಬೇಕು. ಸದ್ಯ ನಮಗೆ ಪ್ರಿಂಟೇ ಗತಿ.

ದುಡ್ಡಿನ ಲೆಕ್ಕ ಹೀಗೆ. ಮೊದಲು ವರ್ಷಕ್ಕೆ ಆರು ಸಲ ಮಂಗಳೂರಿಗೆ ಹೋಗುತ್ತಿದ್ದೆವು, ಈ 14 ತಿಂಗಳಲ್ಲಿ ಎರಡೇ ಸಲ. ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, 9.1 ಇದ್ದದ್ದು 7.6ಕ್ಕೆ ಬಂದಿದೆ. ಹಾಗಾಗಿ ಬಿಡುವ ಮನಸ್ಸಿಲ್ಲ.

ಕಳೆದ ವಾರ ನವೀಕರಿಸುವಾಗ ಒಂದು ವರ್ಷಕ್ಕೆ ಕಟ್ಟಿದರೆ ರಿಯಾಯಿತಿ ಎಂದರು. ನಾನು ಆರು ತಿಂಗಳಿಗೆ ಮಾತ್ರ ಕಟ್ಟಿದೆ, ಕಾರಣವನ್ನೂ ಬರೆದು ಕೊಟ್ಟೆ. ಗಡಿಭಾಗದಲ್ಲಿ ಇದನ್ನು ಬಳಸುವವರು ಇದ್ದರೆ ನೀವೂ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಅಮ್ಮನ ಫೋನಿಗೆ ಕನ್ನಡದಲ್ಲಿ ಮೆಸೇಜ್ ಬಂದ ದಿನ ಉಳಿದ ಎರಡು ನಕ್ಷತ್ರ ಸೇರಿಸುತ್ತೇನೆ.